ಮಾವನವರ ರೈಲುಬಂಡಿ

ಹಳೆಯ ಮನೆಗಳ ಅಟ್ಟದ ಮೇಲೆ ಏನೇನಿರುತ್ತದೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಮುರಿದ ತೊಟ್ಟಿಲು, ತೂತುಬಿದ್ದ ಹಂಡೆ, ಕಾಲ ಮೀರಿದ ಪಂಚಾಂಗಗಳ ಕಟ್ಟು. ನನ್ನ ಸೋದರಮಾವನವರ ಮನೆಯ ಅಟ್ಟದಲ್ಲಿ ಇವುಗಳ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬವೂ ಇತ್ತು. ಅದರೊಳಗೆ ಒಂದು ರೈಲುಬಂಡಿ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಅದು ಓಡಿರಲಿಲ್ಲ. ಓಡದಂತೆ ಮಾಡಿದವನು ನಾನು. ಈ ಸಂಗತಿ ಮಾವನವರಿಗೆ ತಿಳಿಯದೆಂದೇ ನಾನು ಇಷ್ಟು ದಿನ ನಂಬಿದ್ದೆ.

ಮಾವನವರು 1964ರಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿ, ಎರಡು ವರ್ಷಗಳ ತರುವಾಯ ಹಡಗಿನಲ್ಲಿ ಹಿಂದಿರುಗಿದರು. ತಂದ ಸಾಮಾನುಗಳಲ್ಲಿ ಅತ್ತೆಯವರಿಗೆ ಮೆಚ್ಚುಗೆಯಾಗದಿದ್ದುದು ಇದೊಂದೇ: ಆರು ಚಕ್ರಗಳ ಕರಿಯ ಎಂಜಿನ್ನು, ಎರಡು ಡಬ್ಬಿಗಳು, ವರ್ತುಲವಾಗಿ ಜೋಡಿಸುವ ಹಳಿಗಳು. ಆದರೆ ಆ ವರ್ಷದ ನವರಾತ್ರಿಯಲ್ಲಿ ಬಂಡಿ ಗೊಂಬೆಗಳ ಮೆಟ್ಟಿಲಿನ ಸುತ್ತ ಓಡಿದ್ದೇ ತಡ, ಅತ್ತೆಯವರ ಮುನಿಸು ಕರಗಿತು. ಪಟ್ಟದ ಗೊಂಬೆಗಳ ಮುಂದಿನಿಂದ ಹೊರಟು, ರಾಗಿಯ ಪೈರು ಬೆಳೆಸಿದ ತಟ್ಟೆಯನ್ನು ಬಳಸಿ, ಶೆಟ್ಟಿಯ ಅಂಗಡಿಯ ಹಿಂದಿನಿಂದ ಅದು ಹಾದುಬರುತ್ತಿದ್ದುದನ್ನು ನೋಡಲು ಬೀದಿಯ ಮಕ್ಕಳೆಲ್ಲ ನೆರೆಯುತ್ತಿದ್ದರು. ನಾನೂ ಅವರಲ್ಲೊಬ್ಬನಾಗಿ ಬೆಳೆದೆ. 1999ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಬಂಡಿಯ ಚಕ್ರ ಕಿರುಗುಟ್ಟುವುದನ್ನು ಕೇಳಿ, ಯಾರೂ ಇಲ್ಲದ ಹೊತ್ತಿನಲ್ಲಿ ಅತ್ತೆಯವರ ತೆಂಗಿನೆಣ್ಣೆಯ ಶೀಸೆಯನ್ನು ತಂದು ಧಾರಾಳವಾಗಿ ಉಪಚರಿಸಿದೆ. ಮರುದಿನ ಎಂಜಿನ್ನು ನಿಂತಿತು. ಮಾವನವರು ಅದನ್ನು ಬಿಚ್ಚಿ ನೋಡಿದರು, ಏನೂ ಹೇಳಲಿಲ್ಲ, ಡಬ್ಬಕ್ಕೆ ಹಾಕಿ ಅಟ್ಟಕ್ಕೇರಿಸಿದರು.

ಈಗ ಮಾವನವರಿಗೆ ಎಂಬತ್ತೈದು ದಾಟಿದೆ. ಕಣ್ಣಿನ ಬೆಳಕು ದಿನೇ ದಿನೇ ಕುಂದುತ್ತಿದೆ. ಹೋದ ಬೇಸಗೆಯಲ್ಲಿ ಅವರು, "ಆ ಗಾಡಿ ಇನ್ನೊಂದು ಸಲ ಓಡಿದ್ದರೆ ಚೆನ್ನಾಗಿತ್ತು ಕಣೋ" ಎಂದರು. ಬೇರೇನೂ ಹೇಳಲಿಲ್ಲ. ನಾನು ಡಬ್ಬವನ್ನು ಮನೆಗೆ ತಂದೆ. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ರಿಪೇರಿ ಏಕೆಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ರೋಗಿಯ ಕುಲಗೋತ್ರ ತಿಳಿಯದೆ ಚಿಕಿತ್ಸೆ ಸಾಗದು. ಎಂಜಿನ್ನಿನ ಹೊಟ್ಟೆಯ ಕೆಳಗೆ 'ಟ್ರೈ-ಆಂಗ್' ಎಂಬ ಹೆಸರಿತ್ತು. ಇಂಗ್ಲೆಂಡಿನಲ್ಲಿ ಲೈನ್ಸ್ ಎಂಬ ಮನೆತನದ ಮೂವರು ಸಹೋದರರು 1919ರಲ್ಲಿ ಆಟಿಕೆಗಳ ಕಂಪನಿಯೊಂದನ್ನು ಸ್ಥಾಪಿಸಿದರು. ಲೈನ್ ಎಂದರೆ ರೇಖೆಯಷ್ಟೆ; ಮೂರು ರೇಖೆಗಳು ಕೂಡಿದರೆ ತ್ರಿಕೋನ; ಅದರಿಂದ ಬಂದ ಹೆಸರು ಟ್ರೈ-ಆಂಗ್. ನಮ್ಮ ಶ್ಲೇಷಕವಿಗಳು ತಲೆದೂಗಬಹುದಾದ ನಾಮಕರಣ! ಇವರ ರೈಲುಗಳು ಸಿದ್ಧವಾಗುತ್ತಿದ್ದ ಕಾರ್ಖಾನೆ 1954ರಿಂದ ಕೆಂಟ್ ಪ್ರಾಂತದ ಮಾರ್ಗೇಟಿನಲ್ಲಿತ್ತು. 1964ರಲ್ಲಿ ಇವರು ಫ್ರಾಂಕ್ ಹಾರ್ನ್‌ಬಿಯವರು ಕಟ್ಟಿದ್ದ ಲಿವರ್‌ಪೂಲಿನ ಪ್ರಸಿದ್ಧ ಮೆಕ್ಯಾನೊ ಸಂಸ್ಥೆಯನ್ನೂ ಕೊಂಡರು. 1971ರಲ್ಲಿ ಲೈನ್ಸ್ ಸಹೋದರರ ಸಂಸ್ಥೆಯೇ ಮುರಿದುಬಿತ್ತು. ಹಾರ್ನ್‌ಬಿ ಎಂಬ ಹೆಸರು ಮಾತ್ರ ಕೈಯಿಂದ ಕೈಗೆ ದಾಟಿ ಇಂದಿಗೂ ಬಾಳುತ್ತಿದೆ.

ಹುಟ್ಟಿಸಿದ ಮನೆ ಹೀಗೆ ಹೋದ ಮೇಲೆ ಬಿಡಿಭಾಗಗಳ ಗತಿಯೇನು? ಇಲ್ಲಿ ದೈವ ಅನುಕೂಲವಾಗಿತ್ತು. ಆ ಕಾರ್ಖಾನೆಯವರು ಬಹುಬಗೆಯ ಎಂಜಿನ್ನುಗಳಿಗೆ ಬಹುಕಾಲ ಒಂದೇ ಮೋಟಾರನ್ನು ಬಳಸಿದ್ದರು. ಅದರ ಹೆಸರು ಎಕ್ಸ್-04. ಹೊರಗಿನ ಅಂಗಿ ಯಾವುದಿದ್ದರೂ ಒಳಗಿನ ಹೃದಯ ಒಂದೇ. ಆದುದರಿಂದ ಅದರ ಭಾಗಗಳನ್ನು ಮಾರುವ ಸಣ್ಣ ವ್ಯಾಪಾರಿಗಳು ಇಂಗ್ಲೆಂಡಿನಲ್ಲಿ ಈಗಲೂ ಇದ್ದಾರೆ.

ಆ ಮೋಟಾರಿನ ರಚನೆ ಸರಳವಾದುದು. ಹನ್ನೆರಡು ವೋಲ್ಟಿನ ನೇರ ವಿದ್ಯುತ್ತು ಹಳಿಗಳಿಂದ ಚಕ್ರಗಳಿಗೆ, ಚಕ್ರಗಳಿಂದ ಇಂಗಾಲದ ಎರಡು ಪುಟ್ಟ ಬ್ರಷ್ಷುಗಳಿಗೆ ಬರುತ್ತದೆ. ಬ್ರಷ್ಷುಗಳು ತಿರುಗುವ ತಾಮ್ರದ ಕಮ್ಯುಟೇಟರಿಗೆ ಒತ್ತಿಕೊಂಡಿದ್ದು ತಂತಿಯ ಸುರುಳಿಗೆ ವಿದ್ಯುತ್ತನ್ನು ದಾಟಿಸುತ್ತವೆ. ಅಯಸ್ಕಾಂತದ ಸನ್ನಿಧಿಯಲ್ಲಿ ಸುರುಳಿ ತಿರುಗುತ್ತದೆ. ಅದರ ದಂಡದ ಮೇಲಿನ ತಿರುಪು ಅಚ್ಚಿನ ಹಲ್ಲುಚಕ್ರವನ್ನು ತಿರುಗಿಸುತ್ತದೆ. ನಾನು ಬಿಚ್ಚಿ ನೋಡಿದಾಗ ಕಂಡುದೇನು? ತೆಂಗಿನೆಣ್ಣೆ ಧೂಳಿನೊಡನೆ ಬೆರೆತು ಮೇಣದಂತೆ ಕಟ್ಟಿತ್ತು. ಬೆಂಗಳೂರಿನ ಮಾಗಿಯಲ್ಲಿ ಶೀಸೆಯೊಳಗೇ ಹೆಪ್ಪುಗಟ್ಟುವ ಎಣ್ಣೆ ಎಂಜಿನ್ನಿನೊಳಗೆ ಇನ್ನೇನು ಮಾಡೀತು? ಬ್ರಷ್ಷುಗಳೋ, ಸವೆದು ಸವೆದು ಎಳ್ಳುಕಾಳಿನಷ್ಟಾಗಿದ್ದವು.

ಶುದ್ಧಿಕಾರ್ಯ ಕಷ್ಟವಾಗಲಿಲ್ಲ. ಔಷಧದ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಕಮ್ಯುಟೇಟರನ್ನು ಒರೆಸಿದೆ. ಅದರ ಸಂದುಗಳಲ್ಲಿ ಕುಳಿತಿದ್ದ ಕರಿಯನ್ನು ಹಲ್ಲುಕಡ್ಡಿಯಿಂದ ತೆಗೆದೆ. ಪ್ಲಾಸ್ಟಿಕ್ಕಿನ ಮೈಗೆ ಮಾತ್ರ ಬಣ್ಣದ ಥಿನ್ನರನ್ನು ಸೋಕಿಸಬಾರದು, ಕರಗಿಹೋದೀತು. ಅಯಸ್ಕಾಂತವನ್ನು ಹೊರತೆಗೆಯಲೂಬಾರದು; ಕಬ್ಬಿಣದ ಆಸರೆ ತಪ್ಪಿದರೆ ಅದರ ಬಲ ಕುಗ್ಗುತ್ತದೆ. ಗೃಹಸ್ಥರಿಗೆ ಇಲ್ಲೊಂದು ನೀತಿಯುಂಟು, ಆದರೆ ಅದನ್ನು ವಿಸ್ತರಿಸುವುದಿಲ್ಲ.

ಬ್ರಷ್ಷುಗಳನ್ನರಸಿ ಎಸ್.ಪಿ. ರಸ್ತೆಗೆ ಹೋದೆ. "ಎಕ್ಸ್-04 ಬ್ರಷ್ಷು ಇದೆಯೆ?" ಎಂದು ಕೇಳಿದ ಅಂಗಡಿಗಳಲ್ಲೆಲ್ಲ ಇಲ್ಲವೆಂಬ ಉತ್ತರವೇ. ಒಬ್ಬರಂತೂ, ಇದನ್ನೆಸೆದು ಹೊಸ ಆಟಿಕೆ ಕೊಳ್ಳಿರೆಂದು ಹಿತ ನುಡಿದರು. ಕೊನೆಗೆ ಮೋಟಾರುಗಳಿಗೆ ತಂತಿ ಸುತ್ತುವ ಓಣಿಯ ಅಂಗಡಿಯೊಂದರಲ್ಲಿ ಒಬ್ಬ ಮುದುಕರು, "ಹೆಸರು ಹೇಳಬೇಡಿ ಸ್ವಾಮಿ. ಅದು ಏನು ಕೆಲಸ ಮಾಡುತ್ತೆ, ಎಷ್ಟು ದಪ್ಪ ಇದೆ, ಅದು ಹೇಳಿ" ಎಂದರು. ನಾನು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಛಂದಸ್ಸಿನ ಅಳತೆಯಿಂದಲೂ ಅರ್ಥದ ಅಗತ್ಯದಿಂದಲೂ ಊಹಿಸಬೇಕಲ್ಲವೆ? ಆತ ಮಿಕ್ಸಿಯ ಹಳೆಯ ಬ್ರಷ್ಷೊಂದನ್ನು ಕೊಯ್ದು, ಉಪ್ಪುಕಾಗದದ ಮೇಲೆ ತಿಕ್ಕಿ ನಮ್ಮ ಅಳತೆಗೆ ಇಳಿಸಿದರು. ದುಡ್ಡು ಬೇಡವೆಂದರು. "ಇದು ತಾತ್ಕಾಲಿಕ. ಸರಿಯಾದ್ದು ಸಿಕ್ಕಿದ ಮೇಲೆ ಬದಲಾಯಿಸಿ" ಎಂದರು.

ಮನೆಗೆ ಬಂದು ಜೋಡಿಸಿದೆ. ವಿದ್ಯುತ್ತು ಹರಿಸಿದೆ. ಓಡುವುದಿರಲಿ, ಸುಟ್ಟ ವಾಸನೆ ಬಂದಿತು! ಒಡನೆ ನಿಲ್ಲಿಸಿದೆ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಈ ಮೋಟಾರಿನ ಎರಡು ಬ್ರಷ್ಷುಗಳನ್ನೂ ಒತ್ತಿಹಿಡಿಯುವ ತಂತಿ ಒಂದೇ. ಅದರ ಒಂದು ತೋಳಿಗೆ ವಿದ್ಯುತ್ತು ಹರಿಯದಂತೆ ಪುಟ್ಟದೊಂದು ತೊಡಿಗೆ ಇರಬೇಕು. ಇಲ್ಲವಾದರೆ ವಿದ್ಯುತ್ತು ಸುರುಳಿಯನ್ನು ಹೊಗದೆ ತಂತಿಯ ಅಡ್ಡದಾರಿಯನ್ನೇ ಹಿಡಿಯುತ್ತದೆ. ಶುದ್ಧಿಕಾರ್ಯದ ಭರದಲ್ಲಿ ಆ ತೊಡಿಗೆಯನ್ನು ಕೊಳೆಯೆಂದು ಭಾವಿಸಿ ನಾನೇ ಗುಡಿಸಿಹಾಕಿದ್ದೆ! ಹಳೆಯ ಗಂಟೆಯ ತಂತಿಯ ಹೊದಿಕೆಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ ತೊಡಿಸಿದೆ. ಎಂಜಿನ್ನು ಒಮ್ಮೆ ನಡುಗಿತು, ಅರ್ಧ ಸುತ್ತು ತೆವಳಿತು, ಬಳಿಕ ಓಡಿತು. ನನ್ನ ಎಂಟು ವರ್ಷದ ಮಗಳು ಚಪ್ಪಾಳೆ ತಟ್ಟಿದಳು. ಹೊಲಿಗೆಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೊಂದೇ ಹನಿ ಬಿಡುವ ಅಧಿಕಾರವನ್ನು ಅವಳಿಗೇ ಕೊಟ್ಟೆ. ಇಂಗ್ಲೆಂಡಿನಿಂದ ತರಿಸಿದ ನಿಜವಾದ ಬ್ರಷ್ಷುಗಳು ಮೂರು ವಾರಗಳ ಮೇಲೆ ಪುಟ್ಟ ಲಕೋಟೆಯಲ್ಲಿ ಬಂದವು.

ನವರಾತ್ರಿಯ ಮೊದಲ ಸಂಜೆ ಮಾವನವರ ಮನೆಯಲ್ಲಿ ಹಳಿ ಹಾಸಿದೆವು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡು ಕುಳಿತರು. ಅವರಿಗೆ ಬಂಡಿ ಕರಿಯ ಮಸುಕಾಗಿ ಕಂಡಿತೋ ಏನೋ, ಆದರೆ ಕಿವಿ ಅದರ ಹಿಂದೆಯೇ ಸುತ್ತುತ್ತಿತ್ತು. ನಾಲ್ಕು ಸುತ್ತಾದ ಮೇಲೆ ಅವರು ಮೆಲ್ಲನೆ ಕೇಳಿದರು: "ಈ ಸಲ ಯಾವ ಎಣ್ಣೆ ಹಾಕಿದೆಯಪ್ಪ?"

ನನಗೆ ಮಾತೇ ಹೊರಡಲಿಲ್ಲ. "ಮಾವ, ನಿಮಗೆ ಗೊತ್ತಿತ್ತೆ?" ಎಂದೆ.

"ಬಿಚ್ಚಿದ ಕೂಡಲೇ ನಿಮ್ಮ ಅತ್ತೆಯ ತಲೆಯ ವಾಸನೆ ಬಂತು. ಅವಳು ಎಂಜಿನ್ನು ಬಿಚ್ಚುವವಳಲ್ಲ."

"ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ?"

"ಬ್ರಷ್ಷೂ ಸವೆದಿತ್ತು ಕಣೋ, ಇಂದಲ್ಲ ನಾಳೆ ನಿಲ್ಲುತ್ತಿತ್ತು. ನಿನ್ನನ್ನು ಗದರಿದ್ದರೆ ನೀನು ಮತ್ತೆ ಯಾವ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ."

ಅಷ್ಟರಲ್ಲಿ ಬಂಡಿ ರಾಗಿಯ ಪೈರಿನ ಬಳಿ ಹಳಿ ತಪ್ಪಿ ಮಗುಚಿತು. ನನ್ನ ಮಗಳು ಓಡಿಹೋಗಿ ಅದನ್ನೆತ್ತಿದಳು. ನಾನು "ಮುಟ್ಟಬೇಡ" ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಚಕ್ರಗಳನ್ನು ಒಂದೊಂದಾಗಿ ಹಳಿಯ ಮೇಲಿಟ್ಟು, ಸರಿಯಾಗಿ ಕುಳಿತವೆಯೇ ಎಂದು ಬೆರಳಿಂದ ನೋಡಿ, ಅವಳೇ ಬಂಡಿಯನ್ನು ಹೊರಡಿಸಿದಳು.