ಇಪ್ಪತ್ತೆರಡಕ್ಕೇ ಮುದುಕರಾದವರು

ಮಿಕಲ್ ಬ್ರಿಜಸ್ ಹುಟ್ಟಿದ್ದು 1996ರ ಆಗಸ್ಟ್ 30ರಂದು. ಜೇಲನ್ ಬ್ರನ್ಸನ್ ಹುಟ್ಟಿದ್ದು ಅದರ ಮರುದಿನ. ಇಬ್ಬರೂ ಅಮೆರಿಕದ ಫಿಲಡೆಲ್ಫಿಯಾ ಪಕ್ಕದ ವಿಲನೋವಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದರು. 2016ರಲ್ಲೂ 2018ರಲ್ಲೂ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದರು. ಎರಡನೇ ಸಲ ಗೆದ್ದ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎಂಬ ಗೌರವ ಬ್ರನ್ಸನ್ ಪಾಲಾಯಿತು. ಮೂರೇ ವರ್ಷದಲ್ಲಿ ಪದವಿಯನ್ನೂ ಮುಗಿಸಿದ ಅವರು ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ಗೆ ಹೆಸರು ಕೊಟ್ಟರು. ಜೂನ್ 21ರ ರಾತ್ರಿ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ಒಂದೊಂದಾಗಿ ಹೆಸರು ಕರೆದರು. ಹತ್ತನೆಯ ಹೆಸರು ಬ್ರಿಜಸ್. ಹದಿನೇಳನೆಯದು ಅದೇ ತಂಡದ ಡಾಂಟೆ ಡಿವಿನ್ಚೆಂಜೊ. ಮೊದಲ ಸುತ್ತಿನ ಕೊನೆಯ, ಅಂದರೆ ಮೂವತ್ತನೆಯ ಹೆಸರೂ ವಿಲನೋವಾದ್ದೇ, ಒಮಾರಿ ಸ್ಪೆಲ್‌ಮನ್. ಆ ಮೂವರಿಗೂ ಚೆಂಡು ಕೊಟ್ಟು ಆಡಿಸಿದ ಬ್ರನ್ಸನ್ ಹೆಸರು ಬಂದದ್ದು ಎರಡನೇ ಸುತ್ತಿನಲ್ಲಿ, 33ನೆಯದಾಗಿ.

ಡ್ರಾಫ್ಟ್ ಎಂದರೆ ನಮ್ಮ ಐಪಿಎಲ್ ಹರಾಜಿನಂತಲ್ಲ. ಇಲ್ಲಿ ಕೂಗು ಇಲ್ಲ, ಬೆಲೆ ಏರಿಸುವುದಿಲ್ಲ. ಹಿಂದಿನ ವರ್ಷ ಸೋತ ತಂಡಗಳಿಗೆ ಲಾಟರಿಯಲ್ಲಿ ಮೊದಲ ಅವಕಾಶ, ಉಳಿದವು ಸರದಿಯಂತೆ. ಎರಡು ಸುತ್ತು, ಸುಮಾರು ಅರವತ್ತು ಹೆಸರು. ಯಾವ ತಂಡ ಕರೆದರೂ ಹುಡುಗ ಹೋಗಬೇಕು. ಮೊದಲ ಸುತ್ತಿನಲ್ಲಿ ಬಂದವನಿಗೆ ಗೊತ್ತುಪಡಿಸಿದ ಸಂಬಳ, ಮೊದಲೆರಡು ವರ್ಷದ ಹಣಕ್ಕೆ ಖಾತರಿ. ಎರಡನೇ ಸುತ್ತಿನವನಿಗೆ ಆ ಖಾತರಿ ಇಲ್ಲ. ಹಾಗಾಗಿ ಮೂವತ್ತು ಮತ್ತು ಮೂವತ್ತಮೂರರ ನಡುವಿನ ಅಂತರ ಬರೀ ಮಾನಮರ್ಯಾದೆಯದ್ದಲ್ಲ, ಹೊಟ್ಟೆಪಾಡಿನದ್ದು.

ಒಂದು ದಿನ ದೊಡ್ಡವನಾದ ಬ್ರಿಜಸ್‌ಗಿಂತ ಬ್ರನ್ಸನ್ ಅಷ್ಟು ಹಿಂದೆ ಬಿದ್ದದ್ದು ಏಕೆ? ಬ್ರಿಜಸ್ ಎತ್ತರ, ಉದ್ದನೆಯ ತೋಳು. ಬ್ರನ್ಸನ್ ಎತ್ತರ ಆರು ಅಡಿ ಎರಡು ಇಂಚು. ಆ ಆಟದಲ್ಲಿ ಅದು ಕುಳ್ಳು. ಓಟ ಸಾಧಾರಣ, ಜಿಗಿತ ಸಾಧಾರಣ. ಇದರ ಜೊತೆಗೆ ಆ ರಂಗದ ಪಂಡಿತರು ಹೇಳುವ ಇನ್ನೊಂದು ಮಾತಿದೆ: ‘ಇವನು ಎಷ್ಟು ಬೆಳೆಯಬೇಕೋ ಅಷ್ಟು ಬೆಳೆದಾಗಿದೆ.’ ಇದಕ್ಕೆ ಅವರ ಬಾಯಲ್ಲಿ ಓಡಾಡುವ ಪದ ‘ಸೀಲಿಂಗ್’. ಹತ್ತೊಂಬತ್ತರ ಹುಡುಗನ ಸೀಲಿಂಗ್ ಎತ್ತರ, ಇಪ್ಪತ್ತೆರಡರವನದು ತಗ್ಗು. ಮೂರು ವರ್ಷ ಆಡಿ ಗೆದ್ದು ತೋರಿಸಿದ್ದೇ ಅವನ ವಿರುದ್ಧದ ಸಾಕ್ಷಿಯಾಗುತ್ತದೆ. ಇದು ತಪ್ಪು, ಅನ್ಯಾಯ, ಮತ್ತು ತಂಡಗಳಿಗೇ ನಷ್ಟ ತರುವ ಅವಿವೇಕ ಎಂದು ಹೇಳುವುದಕ್ಕೇ ಈ ಲೇಖನ.

ಬ್ರನ್ಸನ್ ಆಟವನ್ನು ಒಮ್ಮೆ ಗಮನವಿಟ್ಟು ನೋಡಿ. ಎಡಗೈ ಆಟಗಾರ. ಚೆಂಡು ಪುಟಿಸುತ್ತ ಬುಟ್ಟಿಯ ಕಡೆ ನುಗ್ಗುತ್ತಾರೆ, ಎದುರಾಳಿಯ ಎದೆಗೆ ಭುಜ ತಾಗಿಸುತ್ತಾರೆ, ಎರಡೂ ಕಾಲೂರಿ ತಟ್ಟನೆ ನಿಲ್ಲುತ್ತಾರೆ. ಓಡಿಬಂದ ವೇಗಕ್ಕೆ ಎದುರಾಳಿ ಅರ್ಧ ಹೆಜ್ಜೆ ಮುಂದೆ ಹೋಗಿಬಿಡುತ್ತಾನೆ. ಬ್ರನ್ಸನ್ ಒಂದು ಕಾಲನ್ನು ನೆಟ್ಟು ಇನ್ನೊಂದರ ಮೇಲೆ ತಿರುಗಿ ಚೆಂಡನ್ನು ಎತ್ತಿದಂತೆ ಮಾಡುತ್ತಾರೆ. ಎದುರಾಳಿ ಹಾರುತ್ತಾನೆ. ಅವನು ಕೆಳಗಿಳಿಯುವ ಹೊತ್ತಿಗೆ ಇವರು ಅವನ ತೋಳಿನಡಿ ನುಸುಳಿ ಚೆಂಡು ಎಸೆದಾಗಿರುತ್ತದೆ. ಇದರಲ್ಲಿ ಜಿಗಿತವಿಲ್ಲ, ಮಿಂಚಿನ ಓಟವಿಲ್ಲ. ಇರುವುದು ಕಾಲಿನ ಲೆಕ್ಕ, ಎದುರಾಳಿಯ ಆತುರವನ್ನು ಓದುವ ಕಣ್ಣು. ಹೀಗೆ ಆಡುವುದು ಸಾವಿರಾರು ಸಲ ಮಾಡಿದವನಿಗೆ ಮಾತ್ರ ಬರುತ್ತದೆ. ಅವರು ಇದನ್ನು ಕಾಲೇಜಿನಲ್ಲಿ ಮೂರು ವರ್ಷ ಎಲ್ಲರ ಕಣ್ಣೆದುರೇ ಮಾಡಿದರು. ಇಂದು ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಮಾಡುತ್ತಿರುವುದೂ ಅದನ್ನೇ. 2023–24ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 28.7 ಅಂಕ. 2025ರಲ್ಲಿ ಇಪ್ಪತ್ತೈದು ವರ್ಷಗಳ ಬಳಿಕ ನಿಕ್ಸ್ ಪೂರ್ವ ವಲಯದ ಫೈನಲ್ ತಲುಪಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಆದರೂ ಡ್ರಾಫ್ಟ್‌ಗೆ ಮುಂಚೆ ಪ್ರತಿ ವರ್ಷ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ಕನ್ನಡಿ ಹುಡುಕುವ ಕೆಲಸ ನಡೆಯುತ್ತದೆ. ಹುಡುಗರನ್ನು ಬರಿಗಾಲಲ್ಲಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ತೋಳು ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯುತ್ತಾರೆ. ಅಂಗೈಯ ಅಗಲವನ್ನೂ ಬಿಡುವುದಿಲ್ಲ. ಅಳೆಯಲಿ, ಬೇಡ ಎನ್ನುವುದಿಲ್ಲ. ಈ ಆಟದಲ್ಲಿ ಎತ್ತರ ಸುಳ್ಳಲ್ಲ. ಆದರೆ 2007ರಲ್ಲಿ ಇಂಥದ್ದೇ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್ ಎಂಬ ತೆಳ್ಳನೆಯ ಹುಡುಗ ಎದೆಯ ಮೇಲಿನ 185 ಪೌಂಡ್ ಭಾರವನ್ನು ಒಮ್ಮೆಯೂ ಎತ್ತಲಾಗದೆ ಸೋತ. ದಿನಗಟ್ಟಲೆ ಅದೇ ಸುದ್ದಿಯಾಯಿತು. ಅದೇ ಹುಡುಗ ಆ ವರ್ಷ ಟೆಕ್ಸಸ್ ವಿಶ್ವವಿದ್ಯಾಲಯದ ಪರ ಆಡಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನಿಸಿಕೊಂಡಿದ್ದ. ಮೊದಲ ವರ್ಷದ ವಿದ್ಯಾರ್ಥಿಗೆ ಆ ಗೌರವ ಅದುವರೆಗೆ ಸಂದಿರಲಿಲ್ಲ. ಮುಂದೆ ಅವರು ಗಳಿಸಿದ ಅಂಕಗಳ ರಾಶಿ ಎಲ್ಲರಿಗೂ ಗೊತ್ತಿರುವಂಥದ್ದೇ. ಯಾವ ಪಂದ್ಯದಲ್ಲಿಯೂ ಅವರಿಗೆ ಮಲಗಿಕೊಂಡು ಭಾರ ಎತ್ತುವ ಪ್ರಸಂಗ ಬರಲಿಲ್ಲ.

ವಯಸ್ಸಿನ ವಾದ ಮಾಡುವವರು ಇಲ್ಲಿ ನನ್ನನ್ನು ತಡೆಯುತ್ತಾರೆಂದು ಗೊತ್ತು. ‘ಡ್ಯುರಾಂಟ್ ಆಗ ಹದಿನೆಂಟರ ಹುಡುಗನಲ್ಲವೆ? ಆಂಥನಿ ಡೇವಿಸ್, ಜಿಯಾನ್ ವಿಲಿಯಮ್ಸನ್, 2025ರ ಮೊದಲ ಆಯ್ಕೆ ಕೂಪರ್ ಫ್ಲ್ಯಾಗ್, ಎಲ್ಲರೂ ಒಂದೇ ವರ್ಷ ಕಾಲೇಜಿನಲ್ಲಿದ್ದವರಲ್ಲವೆ?’ ಹೌದು, ನಿಜ. ಆದರೆ ಅವರ ವಾದಕ್ಕೆ ಬಲ ಕೊಡುವಂತೆ ಕಾಣುವ ಈ ಹೆಸರುಗಳನ್ನೇ ಇನ್ನೊಮ್ಮೆ ನೋಡಿ. ನಾಲ್ವರೂ ಆ ಒಂದೇ ವರ್ಷದಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರರಾದವರು. ಡೇವಿಸ್ ಅಂತೂ 2012ರಲ್ಲಿ ಕೆಂಟಕಿ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿಯನ್ನೇ ತಂದುಕೊಟ್ಟರು. ಅಂದರೆ ಅವರನ್ನು ಆರಿಸಿದ್ದು ಮುಂದೆಂದೋ ಅರಳಬಹುದೆಂಬ ನಂಬಿಕೆಯ ಮೇಲೆ ಅಲ್ಲ. ಅವರು ಆಗಲೇ ಆಡಿ ತೋರಿಸಿದ್ದರು. ಹತ್ತೊಂಬತ್ತಕ್ಕೇ ಇಪ್ಪತ್ತೆರಡರವರನ್ನು ಸೋಲಿಸಿದವನಿಗೆ ಮೊದಲ ಸ್ಥಾನ ಕೊಡಿ, ನನ್ನ ತಕರಾರಿಲ್ಲ. ತಕರಾರು ಇರುವುದು ಅವರ ನಂತರದ ಸಾಲಿನ ಬಗ್ಗೆ. ಹತ್ತನೇ ಸ್ಥಾನದಿಂದ ಕೆಳಗೆ, ಕಾಲೇಜಿನಲ್ಲಿ ಇನ್ನೂ ಸರಿಯಾಗಿ ಆಡಿಯೇ ಇರದ ಹುಡುಗನನ್ನು ಬರೀ ವಯಸ್ಸು ಮತ್ತು ತೋಳಿನ ಉದ್ದ ನೋಡಿ ಎತ್ತಿಕೊಂಡು, ನಾಲ್ಕು ವರ್ಷ ತಂಡವನ್ನು ಹೊತ್ತವನನ್ನು ಬದಿಗೆ ಸರಿಸುವ ಅಭ್ಯಾಸದ ಬಗ್ಗೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾನೂ ನಂಬುತ್ತೇನೆ. ಆದರೆ ಮೊಳಕೆಯ ಮೇಲಿನ ಆಸೆಗೆ ಕಣದಲ್ಲಿ ರಾಶಿ ಹಾಕಿದ ಕಾಳನ್ನು ಬಿಟ್ಟುಬರುವ ರೈತನನ್ನು ನಾನು ಕಂಡಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಾಲೇಜಿನಲ್ಲಿ ಮೆರೆದ ಎಲ್ಲರೂ ಎನ್‌ಬಿಎಯಲ್ಲಿ ಮೆರೆದಿಲ್ಲ. 2006ರಲ್ಲಿ ಮೂರನೆಯವರಾಗಿ ಬಂದ ಗೊನ್ಜಾಗಾದ ಆ್ಯಡಮ್ ಮಾರಿಸನ್, 2011ರಲ್ಲಿ ಹತ್ತನೆಯವರಾಗಿ ಬಂದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಜಿಮ್ಮರ್ ಫ್ರೆಡೆಟ್, ಇಬ್ಬರೂ ಕಾಲೇಜಿನಲ್ಲಿ ಅಂಕಗಳ ಮಳೆ ಸುರಿಸಿದವರು, ಇಬ್ಬರೂ ದೊಡ್ಡ ಲೀಗ್‌ನಲ್ಲಿ ನೆಲೆ ನಿಲ್ಲಲಿಲ್ಲ. ಆದರೆ ಅವರ ಕೊರತೆಯೂ ಕಾಲೇಜಿನ ಪಂದ್ಯಗಳಲ್ಲೇ ಕಾಣುತ್ತಿತ್ತು. ಎದುರಾಳಿಯನ್ನು ತಡೆಯುವಾಗ ಅವರ ಕಾಲು ಎಲ್ಲಿರುತ್ತಿತ್ತು ಎಂದು ನೋಡಿದ್ದರೆ ಸಾಕಿತ್ತು. ಆಟ ನೋಡಿ ಎನ್ನುವುದಕ್ಕೂ ಅಂಕ ಎಣಿಸಿ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ನಾನು ಕೇಳುತ್ತಿರುವುದು ಮೊದಲನೆಯದನ್ನು.

ಇನ್ನು ತಂಡದ ಮಾಲೀಕರ ಲೆಕ್ಕ. ಹತ್ತೊಂಬತ್ತಕ್ಕೆ ಬಂದವನು ಮೊದಲ ಒಪ್ಪಂದದ ನಾಲ್ಕು ವರ್ಷ ಮುಗಿಸಿದಾಗ ಇಪ್ಪತ್ತಮೂರು. ಅವನ ಒಳ್ಳೆಯ ವರ್ಷಗಳೆಲ್ಲ ಮುಂದಿವೆ, ಇಪ್ಪತ್ತೆರಡಕ್ಕೆ ಬಂದವನದು ಹಾಗಲ್ಲ ಎನ್ನುತ್ತಾರೆ. ಕಾಗದದ ಮೇಲೆ ಸರಿ. ಆದರೆ ಈ ಲೆಕ್ಕಕ್ಕೆ ತಾಳ್ಮೆ ಬೇಕು, ಆ ತಾಳ್ಮೆ ತಂಡಗಳಿಗಿಲ್ಲ. 2013ರಲ್ಲಿ ಕ್ಲೀವ್‌ಲ್ಯಾಂಡ್ ತಂಡ, ಕಾಲೇಜಿನಲ್ಲಿ ಒಂದೇ ವರ್ಷ ಆಡಿದ್ದ ಆಂಥನಿ ಬೆನೆಟ್ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿತು. ಒಂದೇ ಋತು ಆಡಿಸಿ ಮಿನೆಸೊಟಾಗೆ ಕಳಿಸಿಬಿಟ್ಟಿತು. ನಾಲ್ಕು ಋತುಗಳಲ್ಲಿ ನಾಲ್ಕು ತಂಡ ಕಂಡ ಬೆನೆಟ್ ಎನ್‌ಬಿಎಯಿಂದಲೇ ಹೊರಬಿದ್ದರು. ಅದೇ ಡ್ರಾಫ್ಟ್‌ನಲ್ಲಿ ಲೀಹೈ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿದ ಸಿ.ಜೆ. ಮೆಕಾಲಮ್ ಹತ್ತನೆಯವರಾಗಿ ಬಂದು ಹತ್ತಕ್ಕೂ ಹೆಚ್ಚು ವರ್ಷ ಆಡಿದರು. ಬೆನೆಟ್ ಅವರ ಮೇಲೆ ನನಗೆ ಕೋಪವಿಲ್ಲ, ಮರುಕವಿದೆ. ಬೆಳೆಯಲು ಕಾಲ ಬೇಕಾದ ಹುಡುಗನ ಮೇಲೆ ಮೊದಲ ಸ್ಥಾನದ ಭಾರ ಹೊರಿಸಿ, ಒಂದು ವರ್ಷಕ್ಕೇ ಕೈಬಿಟ್ಟವರ ಮೇಲೆ ಕೋಪವಿದೆ.

ಈ ಚಾಳಿಗೆ ಒಂದು ಹುಟ್ಟಿದ ದಿನವೂ ಇದೆ ಎಂದು ನನಗನಿಸುತ್ತದೆ. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರವಾಗಿ ಬಂದರು. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಪ್ಪಂದ ಮಾಡಿಕೊಂಡು, ಮುಂದಿನ ಡ್ರಾಫ್ಟ್‌ನಿಂದ, ಡ್ರಾಫ್ಟ್ ನಡೆಯುವ ವರ್ಷದೊಳಗೆ ಹತ್ತೊಂಬತ್ತು ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷವಾಗಿರಬೇಕು ಎಂದು ನಿಯಮ ತಂದವು. ಅಲ್ಲಿಂದ ಕಾಲೇಜು ಒಂದು ವರ್ಷದ ತಂಗುದಾಣವಾಯಿತು. ಅದರೊಂದಿಗೆ ಇನ್ನೊಂದು ಮಾತು ಸದ್ದಿಲ್ಲದೆ ಬೇರೂರಿತು. ಒಳ್ಳೆಯವನಾಗಿದ್ದರೆ ಒಂದು ವರ್ಷಕ್ಕೇ ಹೋಗುತ್ತಿದ್ದ, ಇನ್ನೂ ಇಲ್ಲೇ ಇದ್ದಾನೆಂದರೆ ಏನೋ ಐಬಿರಬೇಕು ಎಂಬ ಮಾತು. ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿನಲ್ಲಿ ಮೂರು ವರ್ಷ ಆಡಿದ ಸ್ಟೆಫನ್ ಕರಿ 2009ರಲ್ಲಿ ಏಳನೆಯವರಾಗಿ ಬಂದರು. ಅವರಿಗಿಂತ ಮುಂಚೆ, ಎರಡನೆಯವರಾಗಿ ಹೋದವರು ಏಳು ಅಡಿ ಮೂರು ಇಂಚು ಎತ್ತರದ ಹಶೀಮ್ ತಬೀಟ್. ಮಿಶಿಗನ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಕಳೆದ ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವರು. ವರ್ಜೀನಿಯಾದ ಮಾಲ್ಕಮ್ ಬ್ರಾಗ್ಡನ್ 2016ರಲ್ಲಿ 36ನೆಯವರು, ಮರುವರ್ಷವೇ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವರ ಕೈಯಲ್ಲಿತ್ತು. ವಿಚಿಟಾ ಸ್ಟೇಟ್‌ನ ಫ್ರೆಡ್ ವ್ಯಾನ್‌ಫ್ಲೀಟ್ ಹೆಸರನ್ನು ಅದೇ 2016ರ ಡ್ರಾಫ್ಟ್ ರಾತ್ರಿ ಯಾರೂ ಕರೆಯಲೇ ಇಲ್ಲ. ಮೂರು ವರ್ಷದ ನಂತರ ಟೊರಾಂಟೊ ಚಾಂಪಿಯನ್ ಆದಾಗ ಅವರು ಆ ತಂಡದಲ್ಲಿದ್ದರು.

ಇಂದು ‘ಏನೋ ಐಬಿರಬೇಕು’ ಎಂಬ ಆ ಸಂಶಯಕ್ಕೆ ಇದ್ದ ಕೊನೆಯ ಆಧಾರವೂ ಕುಸಿದಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಎರಡನೇ ಸುತ್ತಿನ ಖಾತರಿಯಿಲ್ಲದ ಒಪ್ಪಂದಕ್ಕಿಂತ ಇನ್ನೊಂದು ವರ್ಷ ಕಾಲೇಜಿನಲ್ಲಿ ಉಳಿಯುವುದೇ ಲಾಭ ಎನ್ನುವಂಥ ಕಾಲ ಬಂದಿದೆ. ಓದು ಮುಗಿಸಿ, ಮನೆಗೆ ನಾಲ್ಕು ಕಾಸು ಕಳಿಸಿ, ಆಟ ಮಾಗಿಸಿಕೊಂಡು ಬರುವ ಹುಡುಗನಿಗೆ ‘ವಯಸ್ಸಾಯಿತು’ ಎಂದು ಅಂಕ ಕಳೆಯುವುದು ಇನ್ನಾದರೂ ನಿಲ್ಲಬೇಕು.

ನಿಲ್ಲಿಸಿದವರಿಗೆ ಏನು ಸಿಕ್ಕಿತು ಎಂಬುದಕ್ಕೆ ಮೆಂಫಿಸ್ ತಂಡವೇ ಸಾಕ್ಷಿ. 2020ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಮುಗಿಸಿದ್ದ, ತೋಳು ಗಿಡ್ಡ ಎಂದು ಎಲ್ಲರೂ ಹಿಂಜರಿದ ಡೆಸ್ಮಂಡ್ ಬೇನ್ ಅವರನ್ನು ಮೂವತ್ತನೇ ಸ್ಥಾನದಲ್ಲಿ ಪಡೆಯಿತು. 2025ರಲ್ಲಿ ಅವರನ್ನು ಒರ್ಲ್ಯಾಂಡೊಗೆ ಬಿಟ್ಟುಕೊಟ್ಟಾಗ ಪ್ರತಿಯಾಗಿ ಬಂದವುಗಳಲ್ಲಿ ಮೊದಲ ಸುತ್ತಿನ ನಾಲ್ಕು ಆಯ್ಕೆಗಳಿದ್ದವು. 2024ರಲ್ಲಿ ಅದೇ ತಂಡ ಪರ್ಡ್ಯೂ ವಿಶ್ವವಿದ್ಯಾಲಯದ ಜ್ಯಾಕ್ ಈಡಿಯನ್ನು ಒಂಬತ್ತನೇ ಸ್ಥಾನದಲ್ಲಿ ಕರೆದಾಗ ಬಹಳ ಜನ ಹುಬ್ಬೇರಿಸಿದರು. ಏಳು ಅಡಿ ನಾಲ್ಕು ಇಂಚಿನ ಆಳು, ಕಾಲು ನಿಧಾನ, ಹಳೇ ಕಾಲದ ಆಟ, ವಯಸ್ಸು ಇಪ್ಪತ್ತೆರಡು ಎಂದರು. ಈಡಿ ಸತತ ಎರಡು ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಆ ವರ್ಷದ ರಾಷ್ಟ್ರೀಯ ಫೈನಲ್‌ನಲ್ಲಿ ಪರ್ಡ್ಯೂ ಕನೆಟಿಕಟ್ ಎದುರು 60–75ರಿಂದ ಸೋತಿತು ನಿಜ, ಆದರೆ ಆ ಅರವತ್ತರಲ್ಲಿ 37 ಅಂಕ ಈಡಿಯವರದು. ಎನ್‌ಬಿಎಯ ಮೊದಲ ಋತು ಮುಗಿದಾಗ ಅವರು ವರ್ಷದ ಹೊಸಬರ ಪ್ರಥಮ ಐವರಲ್ಲಿ ಒಬ್ಬರಾಗಿದ್ದರು. ಅದೇ ಐವರಲ್ಲಿ ಮೆಂಫಿಸ್‌ನ ಇನ್ನೊಬ್ಬರಿದ್ದರು, ಜೇಲನ್ ವೆಲ್ಸ್. ಸಣ್ಣ ಕಾಲೇಜುಗಳ ಎರಡನೇ ದರ್ಜೆಯಲ್ಲಿ ಆಟ ಶುರುಮಾಡಿ, ದೊಡ್ಡ ವಿಶ್ವವಿದ್ಯಾಲಯಕ್ಕೆ ಏರಿ, ಮೂರು ವರ್ಷದ ನಂತರ 39ನೆಯವರಾಗಿ ಬಂದವರು.

ನಮ್ಮ ದೇಶದ ಒಂದು ಹೆಸರನ್ನೂ ಇಲ್ಲಿ ಹೇಳಲೇಬೇಕು. 2015ರಲ್ಲಿ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ 52ನೆಯವರಾಗಿ ಡಲ್ಲಾಸ್ ಪಾಲಾದಾಗ ಬೆಂಗಳೂರಿನಲ್ಲಿ ಬೆಳಗಿನ ಜಾವ ಎದ್ದು ನೋಡುತ್ತಿದ್ದ ನಮಗೆ ಕಣ್ಣು ತುಂಬಿ ಬಂದಿತ್ತು. ಹತ್ತೊಂಬತ್ತು ವರ್ಷ, ಏಳು ಅಡಿ ಎರಡು ಇಂಚು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲ ಆಟಗಾರ. ಕಾಲೇಜಿನಲ್ಲಿ ಒಂದು ದಿನವೂ ಆಡಿರಲಿಲ್ಲ, ಫ್ಲಾರಿಡಾದ ತರಬೇತಿ ಅಕಾಡೆಮಿಯಿಂದ ನೇರ ಬಂದದ್ದು. ಎತ್ತರ ನೋಡಿ, ವಯಸ್ಸು ನೋಡಿ ಆರಿಸಿದರು. ಆಮೇಲೆ ಕೆಳಗಿನ ಲೀಗ್‌ನಲ್ಲಿ ಹೆಚ್ಚು ಹೊತ್ತು ಬೆಂಚಿನ ಮೇಲೆ ಕೂರಿಸಿದರು. ಆ ಹುಡುಗನಿಗೆ ಬೇಕಿದ್ದುದು ಪಂದ್ಯಗಳು, ಮೂರು ನಾಲ್ಕು ವರ್ಷ ದಿನಾ ಬಿದ್ದು ಎದ್ದು ಕಲಿಯುವ ಪಂದ್ಯಗಳು. ಅದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟರು. ಸತ್ನಾಮ್ ಕೊನೆಗೆ ಕುಸ್ತಿಯ ಅಖಾಡಕ್ಕೆ ಹೋದರು. ಎನ್‌ಬಿಎ ಋತುವಿನ ಒಂದೇ ಒಂದು ಪಂದ್ಯವನ್ನೂ ಅವರು ಆಡಲಿಲ್ಲ.

ಜೂನ್ ತಿಂಗಳ ಆ ಬೆಳಗಿನ ಜಾವ ನೀವೂ ಟಿವಿ ಮುಂದೆ ಕೂರುವವರಾದರೆ ಒಂದು ಕೋರಿಕೆ. ಮೊದಲ ಸುತ್ತಿಗೇ ನಿಲ್ಲಿಸಬೇಡಿ, ಎರಡನೇ ಸುತ್ತನ್ನೂ ಕೊನೆಯವರೆಗೆ ನೋಡಿ. ನಾಲ್ಕು ವರ್ಷ ಆಡಿ ಬಂದವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.