ನಮ್ಮ ಲ್ಯಾಪ್‌ಟಾಪ್‌ನ ಬೀಗದ ಕೈ ಯಾರ ಬಳಿ?

ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ ಜಾಗ ಸಾಲದೆಂದು ವಿಂಡೋಸ್ ಒಳಗಿಂದಲೇ ಲಿನಕ್ಸ್ ಪಾರ್ಟಿಷನ್ ಅಳಿಸಿಬಿಟ್ಟಿದ್ದೆ. ಮರುದಿನ ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸಬೇಕು. ಪರದೆಯ ಮೇಲೆ 'ಗ್ರಬ್' ಎಂಬ ಒಂದು ಪದ ಬಿಟ್ಟರೆ ಏನೂ ಇಲ್ಲ. ಹಾಸ್ಟೆಲ್‌ನ ಸೀನಿಯರ್ ಒಬ್ಬರು ಲ್ಯಾಪ್‌ಟಾಪ್ ಆನ್ ಆಗುವಾಗಲೇ ಬೂಟ್ ಮೆನು ತೆರೆದು, 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿದರು. ಎರಡೇ ನಿಮಿಷದ ಕೆಲಸ. ಅಂದು ತಪ್ಪು ನನ್ನದೇ ಆಗಿತ್ತು.

ಆದರೆ ಏನೂ ತಪ್ಪು ಮಾಡದವರಿಗೂ ಇಂಥ ಬೆಳಗು ಎದುರಾಗಿತ್ತು. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ವಿಂಡೋಸ್‌ಗೆ ಒಂದು ಭದ್ರತಾ ಅಪ್‌ಡೇಟ್ ಬಿಡುಗಡೆ ಮಾಡಿತು. ಅದಾದ ಮೇಲೆ ವಿಂಡೋಸ್ ಜೊತೆ ಲಿನಕ್ಸ್ ಹಾಕಿಕೊಂಡಿದ್ದ ಹಲವರ ಲಿನಕ್ಸ್ ಏಳಲೇ ಇಲ್ಲ. 'ಏನೋ ಗಂಭೀರವಾಗಿ ತಪ್ಪಾಗಿದೆ' ಎಂಬರ್ಥದ ಸಂದೇಶ ತೋರಿಸಿ ಕಂಪ್ಯೂಟರ್ ತಾನೇ ಆಫ್ ಆಗುತ್ತಿತ್ತು.

ಕಾರಣ ತಿಳಿಯಬೇಕಾದರೆ 'ಸೆಕ್ಯೂರ್ ಬೂಟ್' ತಿಳಿಯಬೇಕು. ಕಂಪ್ಯೂಟರ್ ಆನ್ ಆದ ಕ್ಷಣದಲ್ಲಿ, ನಂಬಿಕಸ್ಥ ಸಹಿ ಇರುವ ಪ್ರೋಗ್ರಾಂಗಳನ್ನು ಮಾತ್ರ ಒಳಬಿಡುವ ಕಾವಲುಗಾರ ಅದು. ಸಾಮಾನ್ಯ ಪಿಸಿಗಳಲ್ಲಿ ಆ ಸಹಿ ಹಾಕುವುದು ಮೈಕ್ರೋಸಾಫ್ಟ್. ಉಬುಂಟುವಿನಂಥ ಲಿನಕ್ಸ್‌ಗಳು 'ಶಿಮ್' ಎಂಬ ಪುಟ್ಟ ಪ್ರೋಗ್ರಾಂಗೆ ಆ ಸಹಿ ಪಡೆದು, ಅದರ ಮೂಲಕ ಗ್ರಬ್ ಅನ್ನು ಶುರು ಮಾಡುತ್ತವೆ. ಗ್ರಬ್‌ನ ಹಳೆಯ ಆವೃತ್ತಿಗಳಲ್ಲಿ 2022ರಲ್ಲೇ ಒಂದು ಭದ್ರತಾ ದೋಷ ಪತ್ತೆಯಾಗಿತ್ತು. ಅಂಥ ಆವೃತ್ತಿಗಳನ್ನು ತಡೆಯುವ 'ಎಸ್‌ಬ್ಯಾಟ್' ಪಟ್ಟಿಯನ್ನು ಆಗಸ್ಟ್‌ನ ಅಪ್‌ಡೇಟ್ ಬಿಗಿಗೊಳಿಸಿತು. ಎರಡು ಓಎಸ್ ಇರುವ ಕಂಪ್ಯೂಟರ್‌ಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಕಂಪನಿ ಹೇಳಿತ್ತು. ಆದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಎರಡನೇ ಓಎಸ್ ಇರುವುದೇ ಅದಕ್ಕೆ ಗೊತ್ತಾಗಲಿಲ್ಲ.

ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ, 'ಮಾಕ್‌ಯುಟಿಲ್' ಎಂಬ ಸಾಧನದಿಂದ ಆ ಪಟ್ಟಿಯನ್ನು ಅಳಿಸಿ, ಮತ್ತೆ ಆನ್ ಮಾಡುವುದು ಆಗಿನ ಪರಿಹಾರವಾಗಿತ್ತು. ಕಂಪನಿಯಿಂದ ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ, ಸುಮಾರು ಒಂಬತ್ತು ತಿಂಗಳ ನಂತರ.

ಇದರಲ್ಲಿ ಖಳನಾಯಕನನ್ನು ಹುಡುಕುವುದು ಸುಲಭ, ಆದರೆ ಸರಿಯಲ್ಲ. ದೋಷ ಗ್ರಬ್‌ನಲ್ಲಿತ್ತು, ಅದನ್ನು ಮುಚ್ಚಲೇಬೇಕಿತ್ತು. ಹಳೆಯ ಗ್ರಬ್ ಇಟ್ಟುಕೊಂಡಿದ್ದ ಲಿನಕ್ಸ್‌ಗಳ ಪಾಲೂ ಇದರಲ್ಲಿದೆ. ಪ್ರಶ್ನೆ ಇರುವುದು ಬೇರೆ ಕಡೆ. ನಾವು ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಯಾವುದು ಶುರುವಾಗಬಹುದು ಎಂಬುದನ್ನು ನಮಗೆ ಹೇಳದೆ ಇನ್ನೊಬ್ಬರು ಬದಲಿಸಬಹುದು ಎಂದಾದರೆ, ಆ ಯಂತ್ರ ಎಷ್ಟರ ಮಟ್ಟಿಗೆ ನಮ್ಮದು?

ಈ ಪ್ರಶ್ನೆ ಹಳೆಯದಾಗಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಓಡದ ಹಳೆಯ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಲಿನಕ್ಸ್ ಒಂದು ಸಹಜ ದಾರಿ. ಇನ್ನೊಂದೆಡೆ, ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಅಂದಮಾತ್ರಕ್ಕೆ ಕಂಪ್ಯೂಟರ್ ಅಂದೇ ನಿಂತುಹೋಗುವುದಿಲ್ಲ. ಆದರೆ 2023ರ ಹೊಸ ಪ್ರಮಾಣಪತ್ರ ಇಲ್ಲದ ಯಂತ್ರ, ಅದರಿಂದ ಮಾತ್ರ ಸಹಿಯಾದ ಹೊಸ ಶಿಮ್ ಅನ್ನು ನಂಬುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ತಯಾರಕರು ಕೊಡುವ ಫರ್ಮ್‌ವೇರ್ ಅಪ್‌ಡೇಟ್‌ಗಳನ್ನು ನಿರ್ಲಕ್ಷಿಸಬಾರದು.

ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಈಗಲೇ ಬರೆದಿಟ್ಟುಕೊಳ್ಳಿ; ಸೆಕ್ಯೂರ್ ಬೂಟ್ ಮುಟ್ಟಿದರೆ ವಿಂಡೋಸ್ ಅದನ್ನು ಕೇಳಬಹುದು. ಒಂದು ಲೈವ್ ಪೆನ್‌ಡ್ರೈವ್ ಸಿದ್ಧವಿರಲಿ. ನೇರವಾಗಿ ವಿಂಡೋಸ್ ತೆರೆದುಕೊಂಡರೆ ಲಿನಕ್ಸ್ ಅಳಿಸಿಹೋಗಿದೆ ಎಂದುಕೊಳ್ಳಬೇಡಿ. ಬಹಳ ಸಲ ಬೂಟ್ ಕ್ರಮ ಬದಲಾಗಿರುತ್ತದೆ ಅಷ್ಟೆ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ 'ಓಎಸ್-ಪ್ರೋಬರ್' ಆಫ್ ಇದೆಯೇ ನೋಡಿ; 2021ರ ಗ್ರಬ್ 2.06ರಿಂದ ಅದು ಮೊದಲೇ ಆಫ್ ಆಗಿರುತ್ತದೆ. ಆನ್‌ಲೈನ್ ಟೆಸ್ಟ್ ಅಥವಾ ಇಂಟರ್‌ವ್ಯೂ ಹಿಂದಿನ ರಾತ್ರಿ ಮಾತ್ರ ಯಾವ ಅಪ್‌ಡೇಟನ್ನೂ ಹಾಕಬೇಡಿ. ಕಾಣದ ಓಎಸ್ ಹುಡುಕುವ ಗಾಬರಿಯಲ್ಲಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡುವುದಂತೂ ಕೊನೆಯ ಮಾತು.

ಅಂದು ಆ ಸೀನಿಯರ್ ನನ್ನ ರಿಪೋರ್ಟ್ ಉಳಿಸಿದ್ದು ದೊಡ್ಡ ವಿದ್ಯೆಯಿಂದಲ್ಲ, ಪರದೆಯ ಮೇಲಿನ ಒಂದು ಪದವನ್ನು ಸಮಾಧಾನವಾಗಿ ಓದಿದ್ದರಿಂದ. ಬೀಗದ ಕೈ ಪೂರ್ತಿ ನಮ್ಮ ಬಳಿ ಇಲ್ಲದಿರಬಹುದು, ಬಾಗಿಲು ಎಲ್ಲಿದೆ ಎಂಬುದಾದರೂ ನಮಗೆ ಗೊತ್ತಿರಲಿ.