ತಣ್ಣನೆಯ ಗಾಳಿಗೆ 22 ಸಾವಿರ?

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಪ್ಪನ ಜೊತೆ ಮನೆಗೆ ಬಂದ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು, ಈಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಇಬ್ಬರ ಮುಖವೂ ಬಿಗಿದಿತ್ತು. ದಾರಿಯಲ್ಲೇ ಜಗಳವಾಗಿದೆ ಎಂದು ನೋಡಿದೊಡನೆ ತಿಳಿಯುವಂತಿತ್ತು.

"ಮೇಷ್ಟ್ರೇ, ನಾನು ಹೇಳಿದರೆ ಇವನು ಕೇಳುವುದಿಲ್ಲ. ನೀವೇ ಒಂದು ಮಾತು ಹೇಳಿ" ಎಂದರು ತಂದೆ.

ವಿಷಯ ಇಷ್ಟು. ಅವರ ಮನೆಯಲ್ಲಿ 1.2 ಲೀಟರಿನ, 82 ಅಶ್ವಶಕ್ತಿಯ ಪೆಟ್ರೋಲ್ ಕಾರು ಇದೆ. ಅದಕ್ಕೆ 'ಕೋಲ್ಡ್ ಏರ್ ಇನ್‌ಟೇಕ್' ಹಾಕಿಸಬೇಕೆಂದು ಹುಡುಗನ ಹಟ. ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು, ಅಗಲವಾದ ಕೊಳವೆಯೊಂದನ್ನು ಜೋಡಿಸಿ, ಅದರ ತುದಿಗೆ ಶಂಕುವಿನ ಆಕಾರದ ಫಿಲ್ಟರನ್ನು ಬಂಪರಿನ ಹತ್ತಿರ ಕೂರಿಸುವುದು. ಬಾನೆಟ್ಟಿನೊಳಗಿನ ಬಿಸಿ ಗಾಳಿಯ ಬದಲು ಹೊರಗಿನ ತಣ್ಣನೆಯ ಗಾಳಿ ಎಂಜಿನ್ನಿಗೆ ಹೋಗಲಿ ಎಂಬುದು ಉದ್ದೇಶ. ಗ್ಯಾರೇಜಿನವನು ಹೇಳಿದ ಬೆಲೆ 22 ಸಾವಿರ ರೂಪಾಯಿ. ಅಪ್ಪ ಅಷ್ಟೇ ಹಣವನ್ನು ಬೇರೆಯದಕ್ಕೆ ಎತ್ತಿಟ್ಟಿದ್ದರು. ಕಾರಿನ ನಾಲ್ಕೂ ಟೈರುಗಳು ಸವೆದಿವೆ. ಹೆಂಡತಿಯ ತವರು ಪುತ್ತೂರಿನ ಕಡೆ. ಮಳೆಗಾಲ ಬರುವುದರೊಳಗೆ ಟೈರು ಬದಲಿಸದೆ ಶಿರಾಡಿ ಘಾಟಿ ಇಳಿಯುವುದು ಹೇಗೆ?

"ಸಾರ್, ನೀವೇ ಪಾಠ ಮಾಡಿದ್ದಿರಿ, ತಣ್ಣನೆಯ ಗಾಳಿಯ ಸಾಂದ್ರತೆ ಹೆಚ್ಚು ಅಂತ" ಎಂದ ಹುಡುಗ. ನಾನು ಸಿಕ್ಕಿಬಿದ್ದೆ! ಅವನು ಹೇಳಿದ್ದು ಸರಿಯೇ. ಹಾಗಾಗಿ 'ಅಪ್ಪ ಹೇಳಿದಂತೆ ಕೇಳು' ಎಂದು ಬುದ್ಧಿ ಹೇಳಿ ಕಳಿಸುವುದು ನ್ಯಾಯವಲ್ಲ ಅನ್ನಿಸಿತು. ಕಾಗದ, ಪೆನ್ಸಿಲು ತೆಗೆದುಕೊಂಡು ಕೂತೆವು. ಮಿತ್ರರೇ, ನೀವೂ ಜೊತೆಗೆ ಬನ್ನಿ.

ಒತ್ತಡ ಬದಲಾಗದಿದ್ದರೆ ಅನಿಲದ ಗಾತ್ರ ಅದರ ನಿರಪೇಕ್ಷ ಉಷ್ಣಾಂಶಕ್ಕೆ ಅನುಪಾತದಲ್ಲಿರುತ್ತದೆ. ಇದು ಚಾರ್ಲ್ಸ್ ನಿಯಮ. 1783ರಲ್ಲಿ ಪ್ಯಾರಿಸಿನಲ್ಲಿ ಹೈಡ್ರೋಜನ್ ಬಲೂನಿನಲ್ಲಿ ಮೇಲೇರಿದ ಜಾಕ್ ಚಾರ್ಲ್ಸ್ ಇದನ್ನು ಕಂಡುಕೊಂಡಿದ್ದ. ಆದರೆ ಅವನು ಪ್ರಕಟಿಸಲಿಲ್ಲ. 1802ರಲ್ಲಿ ಗೇ ಲುಸಾಕ್ ಪ್ರಕಟಿಸಿದಾಗ ಕೀರ್ತಿಯನ್ನು ಚಾರ್ಲ್ಸ್‌ಗೆ ಸಲ್ಲಿಸಿದ. ಗಾಳಿ ತಣ್ಣಗಾದಷ್ಟೂ ಅದೇ ಜಾಗದಲ್ಲಿ ಹೆಚ್ಚು ಗಾಳಿ, ಅಂದರೆ ಹೆಚ್ಚು ಆಮ್ಲಜನಕ ಹಿಡಿಸುತ್ತದೆ. ಹೆಚ್ಚು ಆಮ್ಲಜನಕವಿದ್ದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್ ಬೆರೆತ ಪೆಟ್ರೋಲಿಗೆ ಇದು ಕೊಂಚ ಕಡಿಮೆ. ಲೀಟರಿನ ಲೆಕ್ಕದಲ್ಲಿ ನೋಡಿದರೆ, ಒಂದು ಲೀಟರ್ ಪೆಟ್ರೋಲಿನ ಹಿಂದೆ ಸುಮಾರು 9,000 ಲೀಟರ್ ಗಾಳಿ ಎಂಜಿನ್ನಿನೊಳಗೆ ಹೋಗುತ್ತದೆ. ನಾವು ದುಡ್ಡು ಕೊಡುವುದು ಪೆಟ್ರೋಲಿಗೆ, ಆದರೆ ಎಂಜಿನ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ಗಾಳಿಯೇ!

ಆದ್ದರಿಂದ 'ತಣ್ಣನೆಯ ಗಾಳಿಯಿಂದ ಶಕ್ತಿ ಹೆಚ್ಚುತ್ತದೆಯೇ?' ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ವಿಜ್ಞಾನದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಎಷ್ಟು ಹೆಚ್ಚುತ್ತದೆ? ಯಾವಾಗ ಹೆಚ್ಚುತ್ತದೆ? ಈ ಎರಡನ್ನು ಕೇಳದೆ ಬಿಟ್ಟರೆ ಸರಿಯಾದ ನಿಯಮವೂ ನಮ್ಮ ಜೇಬು ಖಾಲಿ ಮಾಡಬಲ್ಲದು.

'ಎಷ್ಟು' ಎಂಬುದನ್ನು ಅಳೆದೇ ನೋಡೋಣವೆಂದು ಕಾರಿನಲ್ಲಿ ಹೊರಟೆವು. ಡ್ಯಾಶ್‌ಬೋರ್ಡಿನ ಕೆಳಗೆ ಓಬಿಡಿ ಸಾಕೆಟ್ ಎಂಬುದಿದೆ. ಅದಕ್ಕೆ ಸಿಕ್ಕಿಸುವ ಪುಟ್ಟ ಸಾಧನ ಹುಡುಗನ ಬಳಿಯೇ ಇತ್ತು. ಎಂಜಿನ್ನಿನ ಕಂಪ್ಯೂಟರು ಓದುತ್ತಿರುವ ಅಂಕಿಗಳು ಮೊಬೈಲಿನಲ್ಲಿ ಕಾಣುತ್ತವೆ, ಒಳಗೆ ಹೋಗುವ ಗಾಳಿಯ ಉಷ್ಣಾಂಶವೂ ಕಾಣುತ್ತದೆ. ಹೊರಗೆ 31 ಡಿಗ್ರಿ ಸೆಲ್ಸಿಯಸ್ ಇತ್ತು. ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ನಿಂತಾಗ ಒಳಗಿನ ಗಾಳಿ 52 ಡಿಗ್ರಿಗೆ ಏರಿತು. "ನೋಡಿ ಸಾರ್!" ಎಂದ ಹುಡುಗ. ಹೆದ್ದಾರಿಗೆ ಬಂದು ವೇಗ ಹಿಡಿದ ಮೇಲೆ ಅಂಕಿ ಇಳಿಯುತ್ತಾ ಇಳಿಯುತ್ತಾ 36ಕ್ಕೆ ನಿಂತಿತು. ಈಗ ಅವನೇ ಸುಮ್ಮನಾದ. ಬಾನೆಟ್ ತೆರೆದು ನೋಡಿದಾಗ ಕಾರಣ ಕಂಡಿತು. ಕಂಪನಿಯ ಡಬ್ಬಿಯ ಮೂತಿ ಮುಂದಿನ ಜಾಲರಿಯ ಹಿಂದೆಯೇ ಇದೆ, ಅದು ಆಗಲೇ ಹೊರಗಿನ ಗಾಳಿಯನ್ನು ಎಳೆಯುತ್ತಿದೆ. ಇಂದಿನ ಬಹುತೇಕ ಕಾರುಗಳಲ್ಲಿ ಹೀಗೆಯೇ.

ಇನ್ನು ಲೆಕ್ಕ. ಹೊಸ ಕೊಳವೆ ಎಷ್ಟೇ ಚೆನ್ನಾಗಿದ್ದರೂ ಹೊರಗಿನ 31 ಡಿಗ್ರಿಗಿಂತ ತಣ್ಣನೆಯ ಗಾಳಿ ಅದಕ್ಕೆ ಸಿಗುವುದಿಲ್ಲ. ಸೆಲ್ಸಿಯಸ್ಸಿಗೆ 273 ಸೇರಿಸಿ ಕೆಲ್ವಿನ್ ಮಾಡಿಕೊಳ್ಳಿ. 309 ಭಾಗಿಸು 304. ಉತ್ತರ 1.016. ಅಂದರೆ ಸಾಂದ್ರತೆಯಲ್ಲಿ ಲಾಭ ಶೇಕಡ 1.6. ಹೊಸ ಫಿಲ್ಟರು ಗಾಳಿಯನ್ನು ಸಲೀಸಾಗಿ ಬಿಡುತ್ತದೆ ಎಂದು ಉದಾರವಾಗಿ ಇನ್ನೆರಡು ಪಾಲು ಸೇರಿಸೋಣ. ಒಟ್ಟು ಶೇಕಡ 3.6. 82 ಅಶ್ವಶಕ್ತಿಯಲ್ಲಿ ಇದು ಸುಮಾರು ಮೂರು ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ ಏಳು ಸಾವಿರ ರೂಪಾಯಿಗೂ ಮಿಕ್ಕಿ ಬೆಲೆ ಬಿತ್ತು! ನಾಲ್ಕು ಜನ ಕೂತ ಸಣ್ಣ ಕಾರಿನಿಂದ 65 ಕಿಲೋ ತೂಕದವರೊಬ್ಬರು ಇಳಿದರೆ ಭಾರ ಶೇಕಡ ಐದಕ್ಕೂ ಹೆಚ್ಚು ಇಳಿಯುತ್ತದೆ. ಕಾರು ವೇಗ ಪಡೆಯುವುದರಲ್ಲಿ ಆ ಲಾಭವೇ ದೊಡ್ಡದು, ಅದೂ ಪುಕ್ಕಟೆ.

'ಯಾವಾಗ' ಎಂಬುದು ಎರಡನೆಯ ಪ್ರಶ್ನೆ. ನಾವು ಆಕ್ಸಿಲರೇಟರ್ ಪೆಡಲನ್ನು ಒತ್ತಿದಾಗ ತೆರೆಯುವುದು ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಬಿಲ್ಲೆ. ನಿಧಾನವಾಗಿ ಹೋಗುವಾಗ ಅದು ಬಹುಪಾಲು ಮುಚ್ಚಿಯೇ ಇರುತ್ತದೆ. ಎಂಜಿನ್ನಿಗೆ ಬೇಕಾದ ಗಾಳಿಯನ್ನು ನಾವೇ ತಡೆದು ಹಿಡಿದಿರುತ್ತೇವೆ. ಕೆರೆಯ ತೂಬನ್ನು ಮುಕ್ಕಾಲು ಮುಚ್ಚಿಟ್ಟು, ತೂಬಿನವರೆಗೆ ಬರುವ ದಾರಿಯನ್ನು ಅಗಲ ಮಾಡಿದರೆ ಗದ್ದೆಗೆ ಹೆಚ್ಚು ನೀರು ಹರಿದೀತೇ? ಮೂರು ಅಶ್ವಶಕ್ತಿಯ ಲಾಭ ಸಿಗುವುದು ಪೆಡಲನ್ನು ಪೂರ್ತಿ ಒತ್ತಿ, ಎಂಜಿನ್ ಗರಿಷ್ಠ ವೇಗದಲ್ಲಿ ತಿರುಗುವಾಗ ಮಾತ್ರ. ಅಂದಿನ ಮುಕ್ಕಾಲು ಗಂಟೆಯ ಸವಾರಿಯಲ್ಲಿ ಹುಡುಗ ಪೆಡಲನ್ನು ಪೂರ್ತಿ ಒತ್ತಿದ್ದು ಲಾರಿಯೊಂದನ್ನು ಹಿಂದೆ ಹಾಕುವಾಗ ಒಂದೇ ಸಲ, ಅದೂ ಏಳೆಂಟು ಸೆಕೆಂಡು.

"ಮೈಲೇಜಾದರೂ ಹೆಚ್ಚುತ್ತದಲ್ಲ?" ಎಂದು ಕೇಳಿದ. ಅದೂ ಇಲ್ಲ. ಎಷ್ಟು ಗಾಳಿ ಬಂತೆಂದು ಕಂಪ್ಯೂಟರು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಆಧುನಿಕ ಕಾರುಗಳಲ್ಲಿ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿದ್ದರು. ಕೊಳಕು ಫಿಲ್ಟರಿನಿಂದ ಪೂರ್ತಿ ಪೆಡಲ್ ಒತ್ತಿದಾಗಿನ ಚುರುಕು ಕುಗ್ಗಿತೇ ಹೊರತು ಮೈಲೇಜು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಕಟ್ಟಿದ ಫಿಲ್ಟರೇ ಮೈಲೇಜು ಕೆಡಿಸದಿದ್ದರೆ, ಚೆನ್ನಾಗಿರುವ ಫಿಲ್ಟರಿನ ಬದಲು ಇನ್ನೊಂದು ಹಾಕಿ ಗಳಿಸುವುದೇನು? ಕಾರ್ಬ್ಯುರೇಟರ್ ಇದ್ದ ಹಳೆಯ ಗಾಡಿಗಳ ಮಾತು ಬೇರೆ.

ಇಲ್ಲೊಂದು ಸ್ವಾರಸ್ಯವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಹಾಸನವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡ 10 ಕಡಿಮೆ. ಮಂಗಳೂರಿನ ಸೆಕೆಯನ್ನು ಲೆಕ್ಕಕ್ಕೆ ಹಿಡಿದರೂ, ಘಟ್ಟದ ಮೇಲೆ 25 ಡಿಗ್ರಿ, ಕೆಳಗೆ 30 ಡಿಗ್ರಿ ಎಂದಿಟ್ಟುಕೊಂಡರೆ, ಕೆಳಗಿನ ಗಾಳಿ ಸುಮಾರು ಶೇಕಡ 10ರಷ್ಟು ಸಾಂದ್ರವಾಗಿರುತ್ತದೆ. ಅಂದರೆ ಶಿರಾಡಿ ಇಳಿದು ಅಜ್ಜಿಯ ಮನೆ ಸೇರುವಷ್ಟರಲ್ಲಿ ಆ ಕಾರಿನ ಎಂಜಿನ್ನಿಗೆ ಕೊಳವೆ ಕೊಡುವುದರ ಎರಡು ಮೂರು ಪಾಲು ಲಾಭ ತಾನಾಗಿಯೇ ಸಿಕ್ಕಿರುತ್ತದೆ. "ಪುತ್ತೂರಿನಲ್ಲಿ ಕಾರು ಹಾರಿದಂತೆ ಅನ್ನಿಸಿತ್ತೇನಪ್ಪಾ?" ಎಂದೆ. "ಇಲ್ಲ ಸಾರ್, ಗೊತ್ತೇ ಆಗಿಲ್ಲ" ಎಂದು ನಕ್ಕ. ಅಪ್ಪನೂ ನಕ್ಕರು.

ಹಾಗಾದರೆ ಹಾಕಿಸಿದವರೆಲ್ಲ ಗಾಡಿ ಚುರುಕಾಯಿತು ಎನ್ನುವುದು ಸುಳ್ಳೇ? ಸುಳ್ಳಲ್ಲ, ಕಿವಿ ಮಾಡುವ ಮೋಸ. ಕಂಪನಿಯ ಡಬ್ಬಿ ಗಾಳಿ ಎಳೆಯುವ ಸದ್ದನ್ನು ಅಡಗಿಸುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ಎಂಜಿನ್ ಗುಡುಗುತ್ತದೆ. ಸದ್ದು ಹೆಚ್ಚಿದ್ದನ್ನು ಶಕ್ತಿ ಹೆಚ್ಚಿತೆಂದು ಮನಸ್ಸು ಬರೆದುಕೊಳ್ಳುತ್ತದೆ.

ನನಗಿದು ಅನುಭವದಿಂದ ಗೊತ್ತು. 1994ರಲ್ಲಿ ನನ್ನ ಮೊದಲ ಕೆಲಸ ಹೊಸಪೇಟೆ, ಸಂಡೂರುಗಳ ನಡುವಿನ ಒಂದು ಹಳ್ಳಿಯಲ್ಲಿ. ಅದಿರಿನ ಲಾರಿಗಳು ಓಡಾಡುವ ರಸ್ತೆ, ಮನೆಯ ಹೆಂಚಿನಿಂದ ಹಿಡಿದು ಮಕ್ಕಳ ಪುಸ್ತಕದವರೆಗೆ ಎಲ್ಲವೂ ಕೆಂಪು. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡಿದ್ದೆ. ಫಿಲ್ಟರಿನ ಸ್ಪಂಜು ಕಿತ್ತರೆ ಗಾಡಿ ಹಾರುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ಬಿಎಸ್ಸಿ, ಬಿಎಡ್ ಓದಿದ ನಾನು ಹಿಂದುಮುಂದು ನೋಡದೆ ಕಿತ್ತೆ. ಸದ್ದು ಬಹಳ ಚೆನ್ನಾಗಿತ್ತು. ಕೆಲವೇ ತಿಂಗಳಲ್ಲಿ ಗಾಡಿ ಏರು ಹತ್ತದಾಯಿತು. ಹೊಸಪೇಟೆಯ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಪಿಸ್ಟನ್ನಿನ ಮೈಮೇಲಿನ ಉದ್ದುದ್ದ ಗೀರುಗಳನ್ನು ತೋರಿಸಿ ಹೇಳಿದ: "ಮೇಷ್ಟ್ರೇ, ಮೂಗಿನಲ್ಲಿ ಕೂದಲು ಯಾಕಿದೆ ಅಂತ ಹುಡುಗರಿಗೆ ಪಾಠ ಹೇಳ್ತೀರಿ. ಗಾಡಿ ಮೂಗನ್ನೇ ಕಿತ್ತು ಹಾಕಿದ್ದೀರಲ್ಲ!" ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಒಂದು ತಿಂಗಳ ಸಂಬಳ ಹೋಯಿತು. ಮನೆಗೆ ಹಣ ಕಳಿಸದ ಕಾರಣವನ್ನು ಅಪ್ಪನಿಗೆ ಪತ್ರದಲ್ಲಿ ಬರೆಯಲು ನಾಲ್ಕು ದಿನ ಬೇಕಾಯಿತು.

ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾನದಲ್ಲಿ ಬೆಣಚಿನ ಗಡಸುತನ 7, ಚಾಕುವಿನ ಉಕ್ಕಿನದು ಸುಮಾರು 5.5. ಎಂಜಿನ್ನಿನೊಳಗೆ ಸೇರಿದ ಧೂಳು ಉಪ್ಪುಕಾಗದದಂತೆ ಉಜ್ಜುತ್ತದೆ. ಗಾಳಿಯನ್ನು ಸಲೀಸಾಗಿ ಬಿಡುವ ಫಿಲ್ಟರು ಧೂಳನ್ನೂ ಕೊಂಚ ಸಲೀಸಾಗಿ ಬಿಡುವ ಅಪಾಯವಿದೆ. ಆಗಾಗ ತೊಳೆದು ಎಣ್ಣೆ ಹಚ್ಚಬೇಕಾದ ಫಿಲ್ಟರುಗಳಲ್ಲಿ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸಂವೇದಕ ಕೆಡಬಹುದು. ಇನ್ನು ಬಂಪರಿನ ಹತ್ತಿರ ಕೂತ ಫಿಲ್ಟರು ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಮುಳುಗಿದರೆ ಎಂಜಿನ್ ಗಾಳಿಯ ಬದಲು ನೀರನ್ನೇ ಹೀರುತ್ತದೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ರಿಪೇರಿಯ ಮುಂದೆ 22 ಸಾವಿರ ಏನೂ ಅಲ್ಲ.

ಹಾಗೆಂದು ಈ ವಸ್ತು ಯಾರಿಗೂ ಬೇಡ ಎಂದಲ್ಲ. ಪಂದ್ಯದ ಕಾರಿನಲ್ಲಿ ಪೆಡಲು ಬಹಳ ಹೊತ್ತು ಪೂರ್ತಿ ಒತ್ತಿಯೇ ಇರುತ್ತದೆ, ಅರ್ಧ ಸೆಕೆಂಡಿಗೂ ಬೆಲೆ ಇದೆ. ಅಲ್ಲಿ ಶೇಕಡ ಮೂರು ದೊಡ್ಡದು. ಟರ್ಬೋ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದಾಗ ಅದು ಬಹಳ ಬಿಸಿಯಾಗುವುದರಿಂದ ಕಂಪನಿಯವರೇ ಇಂಟರ್‌ಕೂಲರ್ ಇಟ್ಟು ತಣಿಸುತ್ತಾರೆ. ನಿಯಮ ಒಂದೇ, ಅದು ಎಲ್ಲಿ ದುಡಿಯುತ್ತದೆ ಎಂಬುದು ಮುಖ್ಯ. ಕಾರು ವಾರಂಟಿಯಲ್ಲಿದ್ದರೆ ಮಾತ್ರ ಪತ್ರವನ್ನು ಮೊದಲು ಓದಿಕೊಳ್ಳಬೇಕು.

ಕೊನೆಗೆ ಮೂವರೂ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರು ನೋಡಿದೆವು. ಟೈರಿನ ಕಾಲುವೆಗಳ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಪುಟ್ಟ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಆ ದಿಣ್ಣೆಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದು ಅರ್ಥ. ಮುಂದಿನ ಎರಡೂ ಟೈರುಗಳಲ್ಲಿ ಮಟ್ಟ ಒಂದಾಗಿತ್ತು. ಒದ್ದೆ ರಸ್ತೆಯಲ್ಲಿ ನೀರನ್ನು ಆಚೆ ತಳ್ಳಿ ನೆಲ ಹಿಡಿಯುವುದು ಆ ಕಾಲುವೆಗಳ ಕೆಲಸ. ಹುಡುಗ ಬೆರಳಿಟ್ಟು ಸವರಿ ನೋಡಿದ, ಏನೂ ಮಾತಾಡಲಿಲ್ಲ.

ಹೊರಡುವಾಗ, "ಸಾರ್, ನಾನು ದುಡಿಯೋಕೆ ಶುರು ಮಾಡಿದ ಮೇಲೆ ಹಾಕಿಸಬಹುದಾ?" ಎಂದ. "ಧಾರಾಳವಾಗಿ ಹಾಕಿಸು. ಆದರೆ ಶಕ್ತಿಗೆ ಅಂತ ಹೇಳಬೇಡ, ಸದ್ದು ಇಷ್ಟ ಅಂತ ಹೇಳು. ಇಷ್ಟಕ್ಕೆ ಖರ್ಚು ಮಾಡುವುದು ತಪ್ಪಲ್ಲ" ಎಂದೆ. ಅಪ್ಪ ಈ ಮಾತಿಗೆ ನನ್ನನ್ನು ಕೊಂಚ ಅಸಮಾಧಾನದಿಂದಲೇ ನೋಡಿದರು.

ತಂದೆ ತಾಯಂದಿರಿಗೆ ಒಂದು ಮಾತು. ಮಕ್ಕಳು ಇಂಥ ಬೇಡಿಕೆ ಇಟ್ಟಾಗ 'ದಂಡದ ಖರ್ಚು' ಎಂದು ಬಾಯಿ ಮುಚ್ಚಿಸುವ ಮೊದಲು 'ಎಷ್ಟು? ಯಾವಾಗ?' ಎಂದು ಕೇಳಿ, ಅವರ ಜೊತೆ ಕೂತು ಲೆಕ್ಕ ಹಾಕಿ. ಲೆಕ್ಕ ನಿಮ್ಮನ್ನು ಸೋಲಿಸಿದರೆ ಒಪ್ಪಿಕೊಳ್ಳಲೂ ಸಿದ್ಧರಿರಿ.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಒತ್ತಡ ಒಂದೇ ಇದ್ದರೆ, ಡಿಸೆಂಬರಿನ 15 ಡಿಗ್ರಿಯ ಮುಂಜಾನೆಯ ಗಾಳಿ ಏಪ್ರಿಲಿನ 40 ಡಿಗ್ರಿಯ ಮಧ್ಯಾಹ್ನದ ಗಾಳಿಗಿಂತ ಶೇಕಡ ಎಷ್ಟು ಸಾಂದ್ರ? ಮಾಡಿ ನೋಡಿ. ಪ್ರಕೃತಿ ಬಿಟ್ಟಿಯಾಗಿ ಕೊಡುವುದರ ಮುಂದೆ ಗ್ಯಾರೇಜಿನವನು ಮಾರುವುದು ಎಷ್ಟು ಚಿಕ್ಕದೆಂದು ನಿಮಗೇ ತಿಳಿಯುತ್ತದೆ.